ಗೇಟಿನಿಂದ ಡಾಂಬರಿನ ತನಕ: ತುಮಕೂರಿನ ನೆರೆಹೊರೆಯವರಿಗೊಂದು ಬಹಿರಂಗ ಪತ್ರ

ತುಮಕೂರಿನ ಬಡಾವಣೆಗಳಲ್ಲಿ ಸ್ವಂತ ಮನೆಯಲ್ಲಿರುವವರಿಗೆ, ಬಾಡಿಗೆಗೆ ಇರುವವರಿಗೆ, ಇಲ್ಲಿ ಸೈಟು ಕೊಂಡು ಬೆಂಗಳೂರಿನಲ್ಲಿ ಇರುವವರಿಗೆ,

ನಮಸ್ಕಾರ.

ನಿಮ್ಮ ಮನೆಯೊಳಗೆ ಹೇಗಿರಬೇಕು ಅಂತ ಹೇಳಲು ನಾನು ಯಾರು? ಈ ಪತ್ರ ಅದಕ್ಕಲ್ಲ. ನಿಮ್ಮ ಗೇಟು ಮುಗಿದ ಮೇಲೆ ಡಾಂಬರು ಶುರುವಾಗುವ ತನಕ ಒಂದಿಷ್ಟು ಜಾಗ ಇದೆಯಲ್ಲ, ಅದರ ಬಗ್ಗೆ. ಕೆಲವು ಬೀದಿಗಳಲ್ಲಿ ಅಲ್ಲಿ ಫುಟ್‌ಪಾತ್ ಇದೆ. ಕೆಲವು ಕಡೆ ಬರೀ ಮಣ್ಣು. ಇನ್ನು ಕೆಲವು ಕಡೆ ಮೋರಿಯ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತ್. ಅಳತೆ ಬೇರೆ ಬೇರೆ, ಆದರೆ ಆ ಜಾಗದ ಜೊತೆ ನಮ್ಮ ವ್ಯವಹಾರ ಎಲ್ಲ ಬೀದಿಯಲ್ಲೂ ಒಂದೇ. ಗಿಡ ನೆಡುವಾಗ, ರ‍್ಯಾಂಪ್ ಹಾಕಿಸುವಾಗ, ಕಾರು ನಿಲ್ಲಿಸುವಾಗ ಅದು ನಮ್ಮದು. ಕಸ ಬಿದ್ದಾಗ, ಕಳೆ ಬೆಳೆದಾಗ, ಮೋರಿ ಕಟ್ಟಿಕೊಂಡಾಗ ಅದು ಪಾಲಿಕೆಯದು.

ಇದು ಪೂರ್ತಿ ಉಲ್ಟಾ ಅನ್ನುವುದೇ ನನ್ನ ತಕರಾರು. ಆ ಜಾಗ ಹಿಡಿದುಕೊಳ್ಳುವ ಹಕ್ಕು ನಮಗಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಮಾತ್ರ ಬಹುಪಾಲು ನಮ್ಮದೇ.

ನಾವೇನು ಕೊಳಕು ಜನ ಅಲ್ಲ. ಬೆಳಗ್ಗೆ ಆರಕ್ಕೆ ಎದ್ದು ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವ ಊರು ಇದು. ಆದರೆ ಗುಡಿಸಿದ ಕಸ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನ ನಿಂತು ನೋಡಿ. ಪೊರಕೆ ರಂಗೋಲಿ ಬಿಡುವಷ್ಟು ಜಾಗಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಒಂದು ತಳ್ಳು ಪಕ್ಕದ ಮನೆ ಕಡೆಗೆ, ಇನ್ನೊಂದು ತಳ್ಳು ಮೋರಿಗೆ. ಪಕ್ಕದ ಮನೆಯವರು ಎದ್ದು ಅದನ್ನೇ ಇನ್ನೊಂದು ಮನೆ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಬೀದಿಯ ಕಸ ಬೀದಿಯಲ್ಲೇ ಸುತ್ತುತ್ತಾ ಇರುತ್ತದೆ. ಮಳೆ ಬಂದ ದಿನ ಮಾತ್ರ ಅದಕ್ಕೊಂದು ದಾರಿ ಸಿಗುತ್ತದೆ. ಆ ದಾರಿ ಮೋರಿಯದು, ಮೋರಿಯ ನೀರು ಕೊನೆಗೆ ಯಾವುದೋ ಒಂದು ಕೆರೆಗೆ ಇಳಿಯುತ್ತದೆ.

ಮೊದಲು ನಡೆಯುವ ವಿಷಯ ಮಾತಾಡೋಣ. ನಮ್ಮ ದೇಶದಲ್ಲಿ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ, ವಸತಿ ಪ್ರದೇಶದಲ್ಲೂ ಫುಟ್‌ಪಾತ್ ಮೇಲೆ ಏನೂ ಅಡ್ಡ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಅಂದರೆ ಸುಮಾರು 6 ಅಡಿ. ತಲೆಯ ಮೇಲೆ 2.2 ಮೀಟರ್ ತನಕ ಏನೂ ಅಡ್ಡ ಇರಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಲ್ಲಿರುವ ಬದುಕುವ ಹಕ್ಕಿನ ಭಾಗ ಎಂದಿತು. ಅಂಗವಿಕಲರು ಓಡಾಡುವ ಹಾಗೆ ಇರಬೇಕು ಅಂತಲೂ ಹೇಳಿತು.

ಈಗ ನಮ್ಮ ಬೀದಿಗಳಿಗೆ ಬನ್ನಿ. ಎಸ್.ಎಸ್. ಪುರಂ ಆಗಲಿ, ಎಸ್.ಐ.ಟಿ. ಬಡಾವಣೆ ಆಗಲಿ, ಜಯನಗರ ಆಗಲಿ, ಕ್ಯಾತ್ಸಂದ್ರದ ಕಡೆಯ ಹೊಸ ಲೇಔಟ್ ಆಗಲಿ. ಒಂದು ಮನೆ ಮುಂದೆ ಕಬ್ಬಿಣದ ಗ್ರಿಲ್ ಹಾಕಿ ಮಾಡಿದ ತೋಟ. ಮುಂದಿನ ಮನೆಯ ರ‍್ಯಾಂಪ್ ಡಾಂಬರಿನ ತನಕ ಚಾಚಿದೆ. ಅದರ ಪಕ್ಕ ಹೊರಗಡೆಗೆ ತೆರೆಯುವ ಗೇಟು. ಆಮೇಲೆ ಮಹಡಿಗೆ ಹೋಗುವ ಮೆಟ್ಟಿಲು, ಅದರ ಕೆಳಗೆ ಎರಡು ಸ್ಕೂಟರು. ನಡೆಯುವವರು ಏನು ಮಾಡಬೇಕು? ಇಳಿ, ಹತ್ತು, ಮತ್ತೆ ಇಳಿ. ಕೊನೆಗೆ ಫುಟ್‌ಪಾತ್ ಸಹವಾಸವೇ ಬೇಡ ಅಂತ ರಸ್ತೆಯಲ್ಲೇ ನಡೆಯುತ್ತಾರೆ. ನಮ್ಮತ್ತೆಗೆ ಮೊಣಕಾಲು ಆಪರೇಷನ್ ಆಗಿದೆ, ವಾಕರ್ ಹಿಡಿದು ಓಡಾಡುತ್ತಾರೆ. ಹಾಲಿನ ಬೂತಿಗೆ ನಾಲ್ಕು ಮನೆ ದೂರ. ಆ ನಾಲ್ಕು ಮನೆ ದಾಟಲು ಅವರು ಆಟೋ, ಸ್ಕೂಲ್ ವ್ಯಾನು, ನೀರಿನ ಟ್ಯಾಂಕರ್ ಬರುವ ರಸ್ತೆಯ ಅಂಚಿಗೆ ಇಳಿಯಬೇಕು.

ಇದರಲ್ಲಿ ಒಂದು ತಮಾಷೆಯೂ ಇದೆ. ನಡೆಯಬೇಕು ಅಂತ ಡಾಕ್ಟರು ಹೇಳಿದರೆ ನಾವು ಕಾರು ಹತ್ತಿ ಅಮಾನಿಕೆರೆಗೆ ಹೋಗುತ್ತೇವೆ. ಅಲ್ಲಿ ಅರ್ಧ ಗಂಟೆ ನಡೆದು, ಮತ್ತೆ ಕಾರು ಹತ್ತಿ ಮನೆಗೆ ಬಂದು, ಆ ಕಾರನ್ನು ನಮ್ಮ ಫುಟ್‌ಪಾತ್ ಮೇಲೆ ನಿಲ್ಲಿಸುತ್ತೇವೆ.

2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಎಂ.ಜಿ. ರಸ್ತೆಯಂಥ ಕಡೆ ಹೊಸ ಫುಟ್‌ಪಾತ್ ಬಂದವು. ಬಡಾವಣೆ ಒಳಗಿನ ಅಡ್ಡರಸ್ತೆಗಳಿಗೆ ಅಂಥ ದುಡ್ಡು ಯಾವತ್ತು ಬರುತ್ತದೋ ಬರಲಿ. ಆದರೆ ಗೇಟು ಒಳಗಡೆಗೆ ತೆರೆಯುವ ಹಾಗೆ ಕೀಲು ಬದಲಾಯಿಸಲು ಯಾವ ಯೋಜನೆಯೂ ಬೇಕಿಲ್ಲ. ಅರ್ಧ ದಿನದ ವೆಲ್ಡಿಂಗ್ ಕೆಲಸ ಅದು.

ಹಾಗಂತ ಗಿಡ ಕಿತ್ತು ಹಾಕಿ, ಎಲ್ಲ ಬೋಳು ಮಾಡಿ ಅಂತ ನಾನು ಹೇಳುತ್ತಿಲ್ಲ. ತುಮಕೂರಿನ ಏಪ್ರಿಲ್ ಬಿಸಿಲು ಗೊತ್ತಿರುವ ಯಾರೂ ಹಾಗೆ ಹೇಳಲ್ಲ. ಮನೆ ಮುಂದಿನ ಹೊಂಗೆ, ಬೇವು, ಸಂಪಿಗೆ ಇರಲಿ. ಬೇಕಾದರೆ ಇನ್ನೂ ನೆಡೋಣ. ಆದರೆ ಬುಡದ ಸುತ್ತ ಸಿಮೆಂಟ್ ಮೆತ್ತಬೇಡಿ. ಬೇರಿಗೆ ನೀರು, ಗಾಳಿ ಹೋಗಲು ಒಂದಿಷ್ಟು ಮಣ್ಣು ಬಿಡಿ. ಕೆಳಗೆ ಬಾಗಿದ ಕೊಂಬೆಗಳನ್ನು ಆಗಾಗ ಸವರಿಸಿ. ಕಾಗದದ ಹೂವಿನ ಬಳ್ಳಿ ಕಾಂಪೌಂಡಿನ ಮೇಲೆ ನೋಡಲು ಚೆಂದ, ನಿಜ. ಆದರೆ ಅದರ ಮುಳ್ಳು ಸರಿಯಾಗಿ ಕಣ್ಣಿನ ಎತ್ತರಕ್ಕೆ ತೂಗಾಡುತ್ತಿದ್ದರೆ, ರಾತ್ರಿ ಕರೆಂಟ್ ಹೋದಾಗ ಅಲ್ಲಿ ನಡೆದು ಬರುವವರಿಗೆ ಗೊತ್ತು ಅದರ ಚೆಂದ. ಗ್ರಿಲ್ ತೋಟದವರಿಗೆ ನನ್ನ ಕೋರಿಕೆ ಇಷ್ಟೇ. ಗೋಡೆಗೆ ಅಂಟಿದ ಹಾಗೆ ಒಂದು ಅಡಿ ಅಗಲಕ್ಕೆ ಗಿಡ ಇಟ್ಟುಕೊಳ್ಳಿ, ಉಳಿದದ್ದು ಬಿಟ್ಟುಕೊಡಿ. ನಿಯಮದ ಪ್ರಕಾರ ಅದೂ ತಪ್ಪೇ ಇರಬಹುದು. ಪಕ್ಕದ ಮನೆಯವಳಾಗಿ ನಾನು ಅಷ್ಟಕ್ಕೆ ಒಪ್ಪಿಕೊಳ್ಳುತ್ತೇನೆ.

ಇನ್ನು ತೆಂಗು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಇದು ನಮ್ಮೂರಿನದೇ ಸಮಸ್ಯೆ.

ಕಲ್ಪತರು ನಾಡು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಳೇ ಬಡಾವಣೆಗಳಲ್ಲಿ ಕಾಂಪೌಂಡಿಗೆ ಒಂದು ತೆಂಗಿನ ಮರ ಇಲ್ಲದ ಮನೆ ಕಡಿಮೆ. ಚೆನ್ನಾಗಿ ಬೆಳೆದ ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ. ಅದೇ ಲೆಕ್ಕದಲ್ಲಿ ಹಳೇ ಗರಿ ಒಣಗಿ ಬೀಳುತ್ತದೆ. ಅಂದರೆ ವರ್ಷಕ್ಕೆ ಒಂದು ಮರದಿಂದ ಹನ್ನೆರಡಕ್ಕೆ ಕಮ್ಮಿ ಇಲ್ಲದ ಹಾಗೆ ಗರಿ, ಒಂದೊಂದೂ ಆಳುದ್ದಕ್ಕಿಂತ ಜಾಸ್ತಿ. ಅದರ ಜೊತೆ ಹೊಂಬಾಳೆ, ಸಿಪ್ಪೆ, ಚಿಪ್ಪು.

ನಮ್ಮ ಅಜ್ಜಿಯ ಕಾಲದಲ್ಲಿ ಇದರಲ್ಲಿ ಒಂದು ಕಡ್ಡಿಯೂ ಬೀದಿಗೆ ಬರುತ್ತಿರಲಿಲ್ಲ. ಅವರು ನಮಗಿಂತ ಒಳ್ಳೆಯವರು ಅಂತಲ್ಲ, ಬಚ್ಚಲಲ್ಲಿ ಹಂಡೆ ಇತ್ತು, ಹಂಡೆಯ ಕೆಳಗೆ ಒಲೆ ಇತ್ತು. ಗರಿ, ಮಟ್ಟೆ, ಸಿಪ್ಪೆ, ಚಿಪ್ಪು ಎಲ್ಲ ಆ ಒಲೆಗೆ. ಗರಿ ಸೀಳಿದರೆ ಪೊರಕೆ ಕಡ್ಡಿ. ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದದ್ದು ಗಿಡದ ಬುಡಕ್ಕೆ. ಆಮೇಲೆ ಗೀಸರ್ ಬಂತು, ಸೋಲಾರ್ ಬಂತು. ಹಂಡೆ ಗುಜರಿಗೆ ಹೋಯಿತು. ಮರ ಮಾತ್ರ ಗರಿ ಉದುರಿಸುವುದನ್ನು ನಿಲ್ಲಿಸಲಿಲ್ಲ. ಬೇಡವಾದ ಗರಿಗೆ ಈಗ ನಾವು ಕಂಡುಕೊಂಡಿರುವ ಜಾಗ ಎದುರಿನ ಖಾಲಿ ಸೈಟು, ಇಲ್ಲವೇ ಫುಟ್‌ಪಾತ್, ಇಲ್ಲವೇ ಟ್ರಾನ್ಸ್‌ಫಾರ್ಮರ್ ಕಂಬದ ಬುಡ. ಒಂದು ಗರಿ ಬಿದ್ದರೆ ಸಾಕು. ಮರುದಿನ ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರ್, ಅದರ ಮರುದಿನ ಹಳೇ ದಿಂಬು. ವಾರ ಕಳೆಯುವುದರೊಳಗೆ ಅಲ್ಲೊಂದು ತಿಪ್ಪೆ ತಯಾರು.

ಏನು ಮಾಡಬಹುದು? ಒಣ ಗರಿಯನ್ನು ಮಚ್ಚಿನಲ್ಲಿ ಒಂದಡಿ ಉದ್ದಕ್ಕೆ ಕೊಚ್ಚಿ ಅದೇ ಮರದ ಪಾತಿಗೆ ಹಾಸಿ. ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ, ಕಳೆ ಬರಲ್ಲ, ಒಂದೆರಡು ವರ್ಷದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಸಿಪ್ಪೆಯನ್ನು ಪಾತಿಯಲ್ಲೇ ಗುಂಡಿ ತೋಡಿ ಹೂಳಿ. ತೋಟದವರು ತಲೆಮಾರುಗಳಿಂದ ಮಾಡುತ್ತಾ ಬಂದಿರುವುದೇ ಇದು, ಸಿಪ್ಪೆ ನೀರು ಹೀರಿಕೊಂಡು ನಿಧಾನಕ್ಕೆ ಬೇರಿಗೆ ಕೊಡುತ್ತದೆ. ಹಸಿ ಗರಿಯಿಂದ ಕಡ್ಡಿ ತೆಗೆದು ಪೊರಕೆ ಕಟ್ಟುವವರು ಈಗಲೂ ಇದ್ದಾರೆ, ಕೇಳಿ ನೋಡಿ. ಒಂದು ಎಚ್ಚರ ಮಾತ್ರ. ಕಡಿದ ತೆಂಗಿನ ಬೊಡ್ಡೆಯನ್ನು ಬೀದಿ ಬದಿಯಲ್ಲಿ ಕೊಳೆಯಲು ಬಿಡಬೇಡಿ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ಕೊಳೆತ ಬೊಡ್ಡೆಯಲ್ಲಿ, ಹಳೇ ಗೊಬ್ಬರದ ಗುಂಡಿಯಲ್ಲಿ. ನೀವು ಕಡಿಸಿದ ಮರದ ಬೊಡ್ಡೆಯಿಂದ ಎದ್ದ ದುಂಬಿ ಪಕ್ಕದ ಮನೆಯವರ ಮರದ ಸುಳಿ ತಿನ್ನುತ್ತದೆ.

ಒಣಗಿದ ಗರಿ, ಬಲಿತ ಕಾಯಿ ಬೀಳುವ ತನಕ ಕಾಯುವುದೂ ಬೇಡ. ಫುಟ್‌ಪಾತ್ ಕಡೆ ಬಾಗಿದ ಮರವಾದರೆ ಅದು ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗಲ್ಲ. ತಂತಿ ಮೇಲೆ ಬಿದ್ದರೆ ಇಡೀ ಬೀದಿಗೆ ಕತ್ತಲೆ.

ಎಲೆಗಳ ಕಥೆ ಬೇರೆ. ಫೆಬ್ರವರಿ, ಮಾರ್ಚ್ ಬಂದರೆ ಹೊಂಗೆ ಎಲೆ ಉದುರಿಸುತ್ತದೆ. ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಬೇಸತ್ತ ಜನ ಸಂಜೆ ಒಂದು ಮೂಲೆಗೆ ಸೇರಿಸಿ ಬೆಂಕಿ ಹಚ್ಚುತ್ತಾರೆ. ಬರೀ ಎಲೆ ಇದ್ದರೂ ಹೊಗೆ ಹೊಗೆಯೇ. ಅದರ ಜೊತೆ ಹಾಲಿನ ಕವರು, ಗುಟ್ಕಾ ಪೊಟ್ಟಣ, ಥರ್ಮೋಕೋಲ್ ತಟ್ಟೆ ಸೇರಿದರೆ ಅದು ವಿಷ. ಉಬ್ಬಸ ಇರುವವರು ಬೀದಿಗೆ ಒಬ್ಬರಾದರೂ ಇರುತ್ತಾರೆ, ಅವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಬಾಗಿಲು ತಟ್ಟಿ ಹೇಳಲು ಸಂಕೋಚ.

ಕಸ ಸುಡುವುದು ಸಣ್ಣ ವಿಷಯ ಅಂದುಕೊಂಡವರಿಗೆ ಒಂದು ಮಾತು. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಊರೂರಿನ ಕಸದ ಅವಸ್ಥೆ ನೋಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿತು. ಅದೇ ವರ್ಷ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಮನೆಯವರೇ ತಮ್ಮ ಜಾಗದಲ್ಲಿ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂದವು. ರಸ್ತೆಗೆ ಎಸೆಯುವುದು, ಸುಡುವುದು, ಮೋರಿಗೆ ಹಾಕುವುದು ಮೂರೂ ನಿಯಮಕ್ಕೆ ವಿರುದ್ಧ.

ಆದರೂ ನಾನು ದಂಡದ ಭಾಷೆಯಲ್ಲಿ ಜಾಸ್ತಿ ಮಾತಾಡಲು ಹೋಗಲ್ಲ. ಎಲೆ ಕೊಳೆಸುವುದು ಅಷ್ಟು ಸುಲಭ. ಕೋಳಿ ಬಲೆ ಸಿಗುತ್ತದಲ್ಲ, ಅದನ್ನು ಮೂರಡಿ ಎತ್ತರಕ್ಕೆ ಸುತ್ತಿ ಕಾಂಪೌಂಡಿನ ಒಂದು ಮೂಲೆಯಲ್ಲಿ ನಿಲ್ಲಿಸಿ. ಒಣ ಎಲೆ ತುಂಬುತ್ತಾ ಬನ್ನಿ. ನಡುನಡುವೆ ಸಗಣಿ ನೀರೋ, ಹುಳಿ ಮಜ್ಜಿಗೆಯೋ ಚಿಮುಕಿಸಿ. ತೇವ ಇರಬೇಕು, ಆದರೆ ನೀರು ಸೋರಬಾರದು. ವಾರಕ್ಕೊಮ್ಮೆ ಕೋಲಿನಲ್ಲಿ ಕೆದಕಿದರೆ ನಾಲ್ಕು ತಿಂಗಳ ಹೊತ್ತಿಗೆ ಕಪ್ಪು ಗೊಬ್ಬರ. ಮಾವಿನ ಎಲೆ ಸ್ವಲ್ಪ ತಡ, ಹೊಂಗೆ ಬೇಗ. ಹೊಂಗೆ ಸೊಪ್ಪು ಗದ್ದೆಗೆ ತುಳಿಯುತ್ತಿದ್ದ ಊರಿನವರಿಗೆ ಇದನ್ನು ಹೇಳಿಕೊಡುವ ಹಾಗೆ ಆಗಿದೆಯಲ್ಲ, ಅದೇ ಬೇಜಾರು. ಬಾಡಿಗೆ ಮನೆಯಲ್ಲಿ ಜಾಗ ಇಲ್ಲದಿದ್ದರೆ ತೂತು ಕೊರೆದ ಹಳೇ ಡ್ರಮ್ ಸಾಕು.

ಡ್ರಮ್ ಅಂದ ತಕ್ಷಣ ಸೊಳ್ಳೆ ವಿಷಯ. ಡೆಂಗಿ ಹರಡುವ ಸೊಳ್ಳೆಗೆ ಮೋರಿಯ ಕೊಚ್ಚೆ ಅಷ್ಟಾಗಿ ಬೇಡ. ಅದಕ್ಕೆ ಬೇಕಾದ್ದು ನಿಂತ ಒಳ್ಳೆ ನೀರು, ಅದೂ ಒಂದು ಚಿಪ್ಪಿನಷ್ಟು. ಹಾಗಾಗಿ ಮೋರಿಗೆ ಹೊಗೆ ಹೊಡೆಸಿ ಅಂತ ಫೋನ್ ಮಾಡುವವರು ಮೊದಲು ತಮ್ಮ ಕಾಂಪೌಂಡಿನೊಳಗೆ ಒಂದು ಸುತ್ತು ಬರಬೇಕು. ಹೂಕುಂಡದ ಕೆಳಗಿನ ತಟ್ಟೆ, ಕುಡಿದು ಎಸೆದ ಎಳನೀರು ಬುರುಡೆ, ಮೂಲೆಯ ಟೈರು, ಮುಚ್ಚಳ ಸರಿ ಇಲ್ಲದ ಸಂಪು, ಕಿಟಕಿಯ ಸಜ್ಜಾ ಮೇಲೆ ಎಲೆ ಕಟ್ಟಿಕೊಂಡು ನಿಂತ ಮಳೆನೀರು. ನೀರು ಬಿಡುವ ದಿನ ಕಾದು ತುಂಬಿಡುವವರು ನಾವು, ಡ್ರಮ್ ಇಲ್ಲದೆ ಆಗಲ್ಲ. ಆದರೆ ಬಟ್ಟೆ ಕಟ್ಟಿ ಮುಚ್ಚಬಹುದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಕು. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅದು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದಾಗ ಒಡೆಯುತ್ತದೆ.

2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡ ಗೊತ್ತುಮಾಡಿತು. ನಗರದ ಮನೆಗಳಲ್ಲಿ ಸೊಳ್ಳೆ ಮರಿಯಾಗುವ ನೀರು ಕಂಡರೆ 400 ರೂಪಾಯಿ. ಅಂಗಡಿ, ಹೋಟೆಲಿನಂಥ ಕಡೆ 1,000. ಖಾಲಿ ಸೈಟು, ಕಟ್ಟಡ ಕೆಲಸ ನಡೆಯುವ ಜಾಗವಾದರೆ 2,000. ಖಾಲಿ ಸೈಟಿಗೆ ಮನೆಯ ಐದರಷ್ಟು ದಂಡ ಇದೆ ನೋಡಿ. ಬರೆದವರಿಗೆ ನಮ್ಮ ಬಡಾವಣೆಗಳು ಚೆನ್ನಾಗಿ ಗೊತ್ತಿದ್ದ ಹಾಗಿದೆ.

ಖಾಲಿ ಸೈಟಿನ ಒಡೆಯರೇ, ಇನ್ನು ನಿಮ್ಮ ಸರದಿ.

ನೀವು ಒಳ್ಳೆಯವರು. ಮಗಳ ಮದುವೆಗೋ, ರಿಟೈರ್ ಆದ ಮೇಲಿನ ಮನೆಗೋ ಅಂತ ಕಷ್ಟಪಟ್ಟು ಸೈಟು ತೆಗೆದುಕೊಂಡಿದ್ದೀರಿ. ವರ್ಷಕ್ಕೊಮ್ಮೆ ಬಂದು, ಮೂಲೆ ಕಲ್ಲು ಇದೆಯಾ ಅಂತ ನೋಡಿ, ರೇಟು ವಿಚಾರಿಸಿ ಹೋಗುತ್ತೀರಿ. ಉಳಿದ ದಿನ ಆ ಸೈಟಿನ ಜೊತೆ ಬದುಕುವವರು ನಾವು. ಮಳೆ ಬಿದ್ದ ಮೇಲೆ ಅಲ್ಲಿ ಆಳೆತ್ತರ ಬೆಳೆಯುವುದು ಬಹುಪಾಲು ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದಿಂದ ಬಂದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಇಡೀ ದೇಶಕ್ಕೆ ಹಬ್ಬಿತು. ಇದನ್ನು ತಿನ್ನಿಸಲು ಮೆಕ್ಸಿಕೋದಿಂದ ಒಂದು ಜಾತಿಯ ದುಂಬಿ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ತನ್ನ ಕೆಲಸ ಮಾಡುತ್ತದೆ, ಆದರೆ ಅದೊಂದರಿಂದ ಸಾಲದು. ಒಂದು ಗಿಡ ಹತ್ತು ಸಾವಿರಕ್ಕಿಂತ ಜಾಸ್ತಿ ಬೀಜ ಉದುರಿಸಬಲ್ಲದು. ಅದರ ಪರಾಗಕ್ಕೆ ಕೆಲವರಿಗೆ ಉಬ್ಬಸ ಬರುತ್ತದೆ, ಮುಟ್ಟಿದರೆ ಮೈ ತುರಿಕೆ.

ಕೀಳಿಸುವುದಾದರೆ ಬಿಳಿ ಹೂವು ಬಿಡುವ ಮೊದಲೇ ಕೀಳಿಸಿ. ನೆಲ ತೇವ ಇದ್ದಾಗ ಬೇರು ಸಮೇತ ಬರುತ್ತದೆ. ಹೂ ಬಿಟ್ಟ ಮೇಲೆ ಕೊಯ್ದರೆ ಬೀಜವನ್ನು ನೀವೇ ಬಿತ್ತಿದ ಹಾಗೆ. ಕೀಳುವವರ ಕೈಗೆ ಗವಸು ಕೊಡಿ, ಬರಿಗೈಲಿ ಕೀಳಿಸಬೇಡಿ. ಜೆಸಿಬಿ ತಂದು ಒಮ್ಮೆ ಕೆರೆಸಿ ಹೋದರೆ ಆಯಿತು ಅಂದುಕೊಳ್ಳುವವರೂ ಇದ್ದಾರೆ. ಕೆರೆದ ಬರಿ ಮಣ್ಣಿನಲ್ಲಿ ಮುಂದಿನ ಮಳೆಗೆ ಅದೇ ಗಿಡ ಇನ್ನೂ ದಟ್ಟವಾಗಿ ಬರುತ್ತದೆ.

ಗಿಡದ ಕೆಳಗೆ ಏನು ನಡೆಯುತ್ತದೆ ಅನ್ನುವುದೂ ಗೊತ್ತಿರಲಿ. ಬೀದಿಯ ಅನ್ನ, ಮೂಳೆ ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಅದಕ್ಕೆ ಇಲಿ, ಹೆಗ್ಗಣ. ಇಲಿಯ ಹಿಂದೆ ನಾಗರ, ಕೊಳಕುಮಂಡಲ. ಅಲ್ಲೇ ಮಕ್ಕಳ ಕ್ರಿಕೆಟ್ ಬಾಲ್ ಹೋಗಿ ಬೀಳುತ್ತದೆ. ಬಾಲ್ ಹುಡುಕಲು ಯಾರು ಹೋಗುತ್ತಾರೆ ಹೇಳಿ?

ನಿಮ್ಮನ್ನು ಕೇಳುವುದು ಎರಡೇ. ವರ್ಷಕ್ಕೆ ಎರಡು ಸಲ ಸೈಟು ಸ್ವಚ್ಛ ಮಾಡಿಸಿ, ಮುಂಗಾರು ಶುರುವಾದ ಮೇಲೆ ಒಮ್ಮೆ, ನಮ್ಮಲ್ಲಿ ಜಾಸ್ತಿ ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ಕಳೆದ ಮೇಲೆ ಒಮ್ಮೆ. ಇನ್ನೊಂದು, ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಡಿ. ನಿಮ್ಮ ಸೈಟಿನ ಮೇಲೆ ಯಾರಾದರೂ ಶೆಡ್ ಹಾಕಿದರೂ ಮೊದಲು ಕಾಣುವುದು ನಮಗೇ ತಾನೆ.

ಮನೆ ಕಟ್ಟುತ್ತಿರುವವರ ಬಗ್ಗೆ ನನಗೆ ಸಿಟ್ಟು ಕಮ್ಮಿ. ಮನೆ ಕಟ್ಟಿ ನೋಡು ಅಂತ ಸುಮ್ನೆ ಹೇಳಲಿಲ್ಲ ಹಿರಿಯರು. ಜಲ್ಲಿ, ಎಂ-ಸ್ಯಾಂಡ್ ಇಳಿಸಲು ಒಂದು ದಿನ ರಸ್ತೆ ಬೇಕೇ ಬೇಕು. ಆದರೆ ಗೃಹಪ್ರವೇಶ ಮುಗಿದು ಆರು ತಿಂಗಳಾದರೂ ಉಳಿದ ಜಲ್ಲಿ ಗೇಟಿನ ಮುಂದೆ ಇದ್ದರೆ ಅದಕ್ಕೆ ಏನು ಕಾರಣ? ಒಡೆದ ಇಟ್ಟಿಗೆ, ಗಾರೆ, ಟೈಲ್ಸ್ ತುಂಡು ಓಡಾಟಕ್ಕೂ ಮೋರಿಗೂ ಅಡ್ಡ ಬಾರದ ಹಾಗೆ ಇಟ್ಟುಕೊಳ್ಳುವ ಹೊಣೆ ಕಟ್ಟಿಸುವವರದು ಅಂತ 2016ರಲ್ಲಿ ಬಂದ ಕಟ್ಟಡ ತ್ಯಾಜ್ಯ ನಿಯಮಗಳೇ ಹೇಳಿದ್ದವು. ಮೇಸ್ತ್ರಿಯನ್ನು ಗೊತ್ತುಮಾಡುವಾಗಲೇ ಉಳಿದದ್ದು ಯಾರು ಸಾಗಿಸಬೇಕು ಅಂತ ಮಾತಾಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಬ್ಬದ ಮಾತು ಎತ್ತದೆ ಇರಲಾಗುವುದಿಲ್ಲ. ಆಯುಧಪೂಜೆಯ ದಿನ ರಸ್ತೆ ಮಧ್ಯೆ ಒಡೆದ ಬೂದುಗುಂಬಳಕಾಯಿ ಮೇಲೆ ಜಾರಿ ಬೈಕಿನಿಂದ ಬಿದ್ದವರನ್ನು ನಮ್ಮಲ್ಲಿ ಯಾರು ನೋಡಿಲ್ಲ? ದೃಷ್ಟಿ ತೆಗೆಯುವುದು ನಿಮ್ಮ ವಾಹನದ್ದು, ಕಾಲು ಮುರಿಯುವುದು ಬೇರೆಯವರದ್ದು. ಗೇಟಿನ ಪಕ್ಕಕ್ಕೆ ಒಡೆಯಿರಿ, ಆರತಿ ಮುಗಿದ ಮೇಲೆ ಎತ್ತಿಬಿಡಿ. ಬಾಳೆಕಂದು, ಮಾವಿನ ತೋರಣ, ಹೂವು ಮರುದಿನ ಎಲೆ ಕೊಳೆಸುವ ಬಲೆಗೆ ಹೋಗಲಿ. ಕುಂಬಳಕಾಯಿ ಕೂಡ ಒಳ್ಳೆ ಗೊಬ್ಬರ, ಒಳಗಿನ ಚಿಲ್ಲರೆ ಕಾಸು ಮಾತ್ರ ತೆಗೆದುಕೊಳ್ಳಿ.

ಈಗ ಹೇಳುವುದು ಹೇಗೆ ಅನ್ನುವ ಪ್ರಶ್ನೆ. ಇದು ಎಲ್ಲಕ್ಕಿಂತ ಕಷ್ಟದ್ದು. ಪಕ್ಕದ ಮನೆಯವರ ಗೇಟಿನ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುವುದು ಈಗ ರೂಢಿಯಾಗಿದೆ. ನನಗೆ ಅದು ಸುತರಾಂ ಇಷ್ಟವಿಲ್ಲ. ಹಾಗೆ ಹಾಕಿದ ಮೇಲೆ ಕಸ ಹೋಗಬಹುದು, ಮಾತೂ ಹೋಗುತ್ತದೆ. “ಏನ್ರೀ, ಎಷ್ಟು ದಿನ ಅಂತ ಈ ಮರಳು?” ಅಂದರೆ ಎದುರಿನವರ ಬಾಯಿಂದ “ನಿಮ್ಮ ಕಾರು ಮೊದಲು ತೆಗೀರಿ” ಅಂತಲೇ ಬರುವುದು. ಅದರ ಬದಲು “ಅಣ್ಣ, ಕೆಲಸ ಎಲ್ಲಿಗೆ ಬಂತು? ಪ್ಲಾಸ್ಟರಿಂಗ್ ಆಯ್ತಾ? ಈ ಮರಳು ಸ್ವಲ್ಪ ಒಳಗೆ ಎಳೆಸಿಬಿಟ್ಟರೆ ಮಕ್ಕಳ ಸೈಕಲ್ ಜಾರಲ್ಲ” ಅಂದು ನೋಡಿ. ಹತ್ತರಲ್ಲಿ ಎಂಟು ಜನ ಎಳೆಸುತ್ತಾರೆ. ಉಳಿದ ಇಬ್ಬರಿಗೆ ಬೇಕಾದರೆ ಅರ್ಜಿ ಬರೆಯೋಣ.

ಇನ್ನೂ ಒಂದು. ಎಷ್ಟೋ ವರ್ಷ ಚೆನ್ನಾಗಿದ್ದ ಅಂಗಳದಲ್ಲಿ ಇದ್ದಕ್ಕಿದ್ದ ಹಾಗೆ ಕಳೆ ಬೆಳೆದರೆ, ಬಾಗಿಲು ಮುಂದೆ ಎಲೆ ರಾಶಿ ಬಿದ್ದರೆ, ದೂರು ಕೊಡುವ ಮೊದಲು ಬೆಲ್ ಒತ್ತಿ. ನಮ್ಮ ಹಳೇ ಬಡಾವಣೆಗಳಲ್ಲಿ ಮಕ್ಕಳು ಬೇರೆ ದೇಶದಲ್ಲಿದ್ದು, ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ತುಂಬಾ ಇವೆ. ಅವರಿಗೆ ಪೊರಕೆ ಹಿಡಿದು ಬಗ್ಗಲು ಆಗಲ್ಲ, ಕೇಳಲು ಮನಸ್ಸು ಬರಲ್ಲ. ನಿಮ್ಮ ತೋಟಕ್ಕೆ ಕರೆಸಿದ ಆಳನ್ನೇ ಒಂದು ಗಂಟೆ ಅಲ್ಲಿಗೂ ಕಳಿಸಿದರೆ ಮುಗಿಯಿತು.

ಪೌರಕಾರ್ಮಿಕರ ಬಗ್ಗೆ ಎರಡು ಮಾತು. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸುತ್ತೇವೆ. ಅವರಿಗೆ ಶಾಲಿಗಿಂತ ಜಾಸ್ತಿ ಬೇಕಿರುವುದು ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಬರೆದು ಕೊಡುವ ಮನೆಯವರು, ಪ್ಯಾಡ್, ಡೈಪರ್ ಬೇರೆ ಕಟ್ಟಿ ಕೊಡುವ ಮನೆಯವರು. ನಿಮ್ಮ ಕಾಂಪೌಂಡಿನಲ್ಲಿ ಕಡಿಸಿದ ಕೊಂಬೆ ಎತ್ತುವುದು ಅವರ ಕೆಲಸ ಅಲ್ಲ. ಎತ್ತಿದರೆ ಅದು ಅವರ ಒಳ್ಳೆಯತನ, ಅದಕ್ಕೆ ಕೂಲಿ ಕೊಡಿ.

ಕೊನೆಗೆ ಮಹಾನಗರ ಪಾಲಿಕೆಯ ಆಯುಕ್ತರಿಗೂ ಒಂದು ವಿನಂತಿ, ಈ ಪತ್ರ ನಿಮ್ಮ ಕಣ್ಣಿಗೆ ಬಿದ್ದರೆ. ದಂಡದ ರಸೀದಿ ಪುಸ್ತಕ ತೆಗೆಯುವ ಮೊದಲು ನಮಗೆ ದಾರಿ ತೋರಿಸಿ. ಎಲೆ ಉದುರುವ ಎರಡು ತಿಂಗಳು ವಾರಕ್ಕೊಂದು ದಿನ ಬರೀ ಎಲೆ, ಗರಿ ಒಯ್ಯುವ ಗಾಡಿ ಕಳಿಸಿ. ಆ ದಿನ ಯಾವುದು ಅಂತ ಮೊದಲೇ ತಿಳಿಸಿ. ಒಂದು ಗೋಣಿಚೀಲದಷ್ಟು ಒಡೆದ ಟೈಲ್ಸ್ ಇರುವವರು ಎಲ್ಲಿಗೆ ಒಯ್ದು ಹಾಕಬೇಕು ಅಂತ ವಾರ್ಡಿಗೊಂದು ಬೋರ್ಡು ಹಾಕಿಸಿ. ಖಾಲಿ ಸೈಟು ಸ್ವಚ್ಛ ಮಾಡಿಸಿ ಆ ಖರ್ಚನ್ನು ಒಡೆಯರ ತೆರಿಗೆ ಜೊತೆ ವಸೂಲಿ ಮಾಡುವುದಾದರೆ ಬೀದಿಯವರೆಲ್ಲ ನಿಮ್ಮ ಪರ ನಿಲ್ಲುತ್ತೇವೆ. ಫುಟ್‌ಪಾತ್ ತೆರವು ಮಾಡಿಸುವಾಗ ತಳ್ಳುಗಾಡಿಯ ಸೊಪ್ಪಿನವರಿಂದ ಶುರು ಮಾಡಬೇಡಿ, ನಮ್ಮಂಥವರ ರ‍್ಯಾಂಪಿನಿಂದ ಶುರು ಮಾಡಿ.

ನಮ್ಮ ಅಡ್ಡರಸ್ತೆಯಲ್ಲಿ ಮಳೆ ಹಿಡಿಯುವ ಮೊದಲು ಮರ ಹತ್ತುವವರನ್ನು ಒಂದು ಭಾನುವಾರ ಕರೆಸಬೇಕು ಅಂತ ಮಾತಾಡಿಕೊಂಡಿದ್ದೇವೆ. ಎಲ್ಲ ಮನೆಯ ಒಣ ಗರಿ, ಬಲಿತ ಕಾಯಿ ಒಂದೇ ದಿನ ಇಳಿಸುವುದು, ಕೂಲಿ ಮರಕ್ಕಿಷ್ಟು ಅಂತ ಹಂಚಿಕೊಳ್ಳುವುದು, ಗರಿ ಅಲ್ಲೇ ಕೊಚ್ಚಿ ಪಾತಿಗೆ ಹಾಸುವುದು. ಕಾಯಿ ಆಯಾ ಮನೆಯವರದ್ದು, ಬೆಳಗಿನ ಕಾಫಿ ನಮ್ಮ ಮನೆಯದ್ದು. ನಿಮ್ಮ ಬೀದಿಯಲ್ಲೂ ಹೀಗೆ ಮಾಡುವುದಾದರೆ ಮಚ್ಚು ಎರಡು ನಮ್ಮಲ್ಲಿವೆ, ಬಂದು ತೆಗೆದುಕೊಂಡು ಹೋಗಿ.

ಇಂತಿ,
ನಿಮ್ಮ ಪಕ್ಕದ ಅಡ್ಡರಸ್ತೆಯವಳು,
ತುಮಕೂರು